ಇದಾ, ಅದಾ?

ನನ್ನ ತಂಗಿಯ ಮಗ ಕೃತಘ್ನ. ಸಿಟ್ಟಿನಲ್ಲಿ ಆಡುತ್ತಿರುವ ಮಾತಲ್ಲ ಇದು. ಒಬ್ಬನನ್ನು ತೊಟ್ಟಿಲಿನಿಂದ ತಲೆ ನರೆಯುವ ತನಕ ನೋಡಿದ ದೊಡ್ಡಮ್ಮ ಸಾವಧಾನವಾಗಿ ಯೋಚಿಸಿ ತಲುಪಿದ ತೀರ್ಮಾನ. ತಾನು ನಿಂತ ನೆಲದ ಬಗ್ಗೆ, ತನ್ನ ಎದುರಿಗೆ ಕುಳಿತವರ ಬಗ್ಗೆ ಅವನ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ಒಳ್ಳೆಯದೆಲ್ಲ ಅವನಿಗೆ ಯಾವಾಗಲೂ ಇನ್ನೊಂದು ಕಡೆ ಇರುತ್ತದೆ.

ಅವನದು ಕನ್ನಡಕದ ಅಂಗಡಿ. ಔಷಧಿ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ, ಅಗಲವಿಲ್ಲದೆ ಉದ್ದಕ್ಕೆ ಒಳಗೆ ಹೋಗುವ ಜಾಗ. ಮುಂದೆ ಗಾಜಿನ ಕಪಾಟಿನಲ್ಲಿ ಫ್ರೇಮುಗಳ ಸಾಲು. ಪರದೆಯ ಹಿಂದೆ ಕಣ್ಣು ನೋಡುವ ಕುರ್ಚಿ, ಅದರ ಎದುರು ಗೋಡೆಯಲ್ಲಿ ಒಳಗೆ ದೀಪ ಉರಿಯುವ ಅಕ್ಷರದ ಪೆಟ್ಟಿಗೆ. ಅದಕ್ಕೂ ಹಿಂದೆ ಗಾಜಿನ ಅಂಚು ಸಾಣೆ ಹಿಡಿಯುವ ಯಂತ್ರ. ಅದರ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಅವನು ಎಳೆಯ ವಯಸ್ಸಿನಲ್ಲಿ ಹೊರದೇಶಕ್ಕೆ ಹೋಗಿ ಕಣ್ಣು ಪರೀಕ್ಷೆಯ ವಿದ್ಯೆ ಕಲಿತು ಬಂದವನು. ಮದುವೆಯಾಗಲಿಲ್ಲ. ಕೆಲಸದಲ್ಲಿ ಕುಂದಿಲ್ಲ, ಅದನ್ನು ಒಪ್ಪಬೇಕು. ಕಣ್ಣು ನೋಡದೆ ಯಾರಿಗೂ ಕನ್ನಡಕ ಕೊಡುವುದಿಲ್ಲ. ಹಳೆಯ ಚೀಟಿ ತಂದು ಇದೇ ನಂಬರಿಗೆ ಮಾಡಿಕೊಡಿ ಎಂದವರನ್ನು ಕಳ್ಳರನ್ನು ನೋಡುವ ಹಾಗೆ ನೋಡುತ್ತಾನೆ.

ಆದರೆ ಅವನ ಪ್ರತಿ ಮಾತೂ ‘ಅಲ್ಲಿ’ ಎಂದೇ ಶುರುವಾಗುತ್ತದೆ. ಅಲ್ಲಿ ಬಸ್ಸಿಗೆ ಓಡುವುದಿಲ್ಲ, ಬಸ್ಸೇ ಕಾಯುತ್ತದೆ. ಅಲ್ಲಿ ಮೇಷ್ಟರನ್ನು ಹೆಸರು ಹಿಡಿದು ಕರೆಯುತ್ತಾರೆ, ಮೇಷ್ಟರು ಅದಕ್ಕೆ ಖುಷಿಪಡುತ್ತಾರೆ. ಅಲ್ಲಿ ಅಂಗಡಿಗೆ ಬಂದವರು ಕೊಳ್ಳಲು ಬರುತ್ತಾರೆ, ಪೇಪರ್ ಓದಲು ಅಲ್ಲ. ಇದನ್ನು ಅವನು ಔಷಧಿ ಅಂಗಡಿಯವನ ಮುಖಕ್ಕೇ ಹೇಳಿದ್ದ. ಔಷಧಿಯವನು ದಿನವೂ ಇವನ ಅಂಗಡಿಗೆ ಬಂದು ಪೇಪರ್ ಓದುವವನು. ಪೇಪರ್‌ನಿಂದ ತಲೆ ಎತ್ತದೆ ಅವನು ಕೇಳಿದನಂತೆ: “ಅಲ್ಲಿ ಸೂರ್ಯನೂ ಕ್ಯೂನಲ್ಲಿ ನಿಂತು ಬರ್ತಾನಾ ಸಾರ್?”

ನಮ್ಮವನ ಅಕ್ಕನ ಮಗಳು ಮಾತು ಕಲಿಯುವ ವಯಸ್ಸಿನಲ್ಲಿ, ಮಾಮ ಎನ್ನುವ ಶಬ್ದದ ಮೊದಲ ಅರ್ಧವೇ ‘ಅಲ್ಲಿ’ ಎಂದು ತಿಳಿದು ‘ಅಲ್ಲಿಮಾಮ’ ಎಂದು ಕರೆದಳು. ಬೀದಿಗೆ ಅದು ಹಿಡಿಸಿತು. ಈಗ ಬಿಳಿ ಗಡ್ಡದ ಗಿರಾಕಿಗಳೂ ಅಲ್ಲಿಮಾಮನ ಅಂಗಡಿ ಎಂದೇ ಗುರುತು ಹೇಳುತ್ತಾರೆ.

ಇಷ್ಟಾದರೆ ಪರದೇಶದ ಮೋಹ ಎಂದು ಬಿಡಬಹುದಿತ್ತು. ನನಗೆ ಗೊತ್ತಿರುವುದು ಬೀದಿಗೆ ಗೊತ್ತಿಲ್ಲ. ಅವನು ಅಲ್ಲಿ ಓದುತ್ತಿದ್ದಾಗ ವಾರಕ್ಕೊಮ್ಮೆ ತಾಯಿಗೆ ಫೋನ್ ಮಾಡುತ್ತಿದ್ದ. ನನ್ನ ತಂಗಿಗೆ ಒಂದು ಕಿವಿ ಮಂದ. ಆದ್ದರಿಂದ ಇನ್ನೊಂದು ರಿಸೀವರ್ ಹಿಡಿದು ಕೂರುವ ಕೆಲಸ ನನ್ನದು. ಆಗ ಅವನ ಪ್ರತಿ ಮಾತೂ ‘ನಮ್ಮಲ್ಲಾದರೆ’ ಎಂದು ಶುರುವಾಗುತ್ತಿತ್ತು. ನಮ್ಮಲ್ಲಾದರೆ ಜ್ವರ ಬಂದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ನಮ್ಮಲ್ಲಾದರೆ ಒಂದು ದಿನ ಕಾಣದಿದ್ದರೆ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಾರೆ. ನಮ್ಮಲ್ಲಾದರೆ ಬಿಸಿಲು ಕೇಳಿ ಪಡೆಯಬೇಕಾಗಿಲ್ಲ. ಊರಿಗೆ ಬಂದು ಒಂದು ತಿಂಗಳಲ್ಲಿ ಅದೇ ನಾಲಿಗೆ ತಿರುಗಿತು. ಪಕ್ಕದ ಮನೆಯವರು ಬಾಗಿಲು ತಟ್ಟುವುದೇ ಈಗ ದೊಡ್ಡ ದೂರು. ಎಲ್ಲಿ ಹೋಗಿದ್ದೆ ಎಂದು ಕೇಳಿದರೆ, ಅಲ್ಲಿ ಯಾರೂ ಯಾರನ್ನೂ ಹೀಗೆ ಕೇಳುವುದಿಲ್ಲ ಎಂಬ ಉತ್ತರ. ನನ್ನ ತಂಗಿ ಹೇಳುತ್ತಿದ್ದಳು: “ಇವನನ್ನ ವಿಮಾನದಲ್ಲೇ ಕೂರಿಸಿಡಬೇಕಿತ್ತು ಅಕ್ಕ. ಎರಡೂ ಕಡೆ ಹೊಗಳ್ಕೊಂಡು ಸುಖವಾಗಿರ್ತಿದ್ದ.”

ಇನ್ನೊಂದು ಸಂಗತಿ ಇದೆ. ಅಲ್ಲಿ ಅವನು ಪ್ರೊಫೆಸರೊಬ್ಬರ ಮನೆಯಲ್ಲಿ ಇದ್ದನಂತೆ. ಮನೆಯ ಸುತ್ತ ಹೂದೋಟ, ಕಿಟಕಿಯ ಎದುರು ಸೇಬಿನ ಮರ. ಪ್ರೊಫೆಸರರ ಹೆಂಡತಿ ಸಂಜೆ ಚಹಾ ತಂದುಕೊಟ್ಟು ಓದು ಹೇಗೆ ಸಾಗಿದೆ ಎಂದು ವಿಚಾರಿಸುತ್ತಿದ್ದರಂತೆ. ವರ್ಷ ಕಳೆದಂತೆ ಆ ಹೂದೋಟ ಬೆಳೆಯಿತು. ಮೊದಲಿಗೆ ಇಲ್ಲದ ಒಂದು ಕಾರಂಜಿ ಆಮೇಲೆ ಹುಟ್ಟಿಕೊಂಡಿತು. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಏಕೆಂದರೆ ಆ ಫೋನಿನಲ್ಲಿ ಅವನ ದನಿಯ ಹಿಂದೆ ಯಾವಾಗಲೂ ಧಡ್ ಧಡ್ ಎಂದು ಯಂತ್ರವೊಂದು ತಿರುಗುವ ಸದ್ದು ಇರುತ್ತಿತ್ತು. ಏನೋ ಅದು ಎಂದು ತಾಯಿ ಕೇಳಿದ್ದಕ್ಕೆ ಒಮ್ಮೆ ರೈಲು ಎಂದ, ಇನ್ನೊಮ್ಮೆ ಹುಲ್ಲು ಕತ್ತರಿಸುವ ಯಂತ್ರ ಎಂದ. ಹಿಮ ಬೀಳುವ ತಿಂಗಳಲ್ಲಿ ಹುಲ್ಲು ಕತ್ತರಿಸುವ ಪ್ರೊಫೆಸರರನ್ನು ನಾನು ಕಂಡಿಲ್ಲ. ಜೀವಮಾನವೆಲ್ಲ ಪ್ರೊಫೆಸರರ ನಡುವೆಯೇ ಕಳೆದವಳು ನಾನು. ಆ ಮನೆ ಸುಳ್ಳು ಎಂದು ನನಗೆ ಅಂದೇ ಗೊತ್ತಿತ್ತು. ನಿಜ ಏನೆಂದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಅವನ ಅಕ್ಕ ಮಾತ್ರ ಅದನ್ನು ನಂಬಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಬೇರೆ ಯಾವ ವಿಷಯದಲ್ಲೂ ಸುಲಭಕ್ಕೆ ನಂಬದ ಹೆಂಗಸು ಅವಳು. “ನನ್ನ ತಮ್ಮ ಪ್ರೊಫೆಸರ ಮನೇಲಿ ಮಗನ ಹಾಗಿದ್ದ” ಎಂದು ಸಹೋದ್ಯೋಗಿಗಳಿಗೆ ಹೇಳುವಾಗ ಅವಳ ಕತ್ತು ಎರಡು ಇಂಚು ಉದ್ದವಾಗುತ್ತದೆ.

ಆ ಮನೆಯನ್ನು ಅವಳಿಗಿಂತ ಹೆಚ್ಚು ನಂಬಿದ್ದವಳು ಅವಳ ಮಗಳು. ಶಾಲೆ ಬಿಟ್ಟ ಮೇಲೆ ತಾಯಿ ಬ್ಯಾಂಕಿನಿಂದ ಬರುವ ತನಕ ಅವಳು ಅಂಗಡಿಯಲ್ಲೇ ಬೆಳೆದವಳು. ಬೀದಿಯೆಲ್ಲ ನಕ್ಕರೂ ಅವಳೊಬ್ಬಳು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. ಸೇಬು ಕೆಂಪಾ, ಹಸುರಾ ಮಾಮ, ಎಂದು ಕೇಳಿ ಅವನನ್ನು ಪೇಚಿಗೆ ಸಿಕ್ಕಿಸಿದ್ದೂ ಉಂಟು. ಕಳೆದ ವರ್ಷ ನೀರು ಶುದ್ಧಿ ಮಾಡುವ ವಿದ್ಯೆಯಲ್ಲಿ ಮೇಲಿನ ಓದಿಗೆ ಅರ್ಜಿ ಹಾಕಿದಳು. ಸೀಟು ಸಿಕ್ಕಿತು. ಅದೂ ಅದೇ ದೇಶ, ಅದೇ ಊರು, ಅದೇ ಕಾಲೇಜು.

ಸುದ್ದಿ ತಂದ ದಿನ ನಾನು ನನ್ನ ಓದುವ ಕನ್ನಡಕದ ಸಡಿಲವಾದ ಕಡ್ಡಿ ಬಿಗಿಸಿಕೊಳ್ಳಲು ಅಂಗಡಿಯಲ್ಲಿ ಕುಳಿತಿದ್ದೆ. ಹುಡುಗಿ ಉಸಿರು ಬಿಡದೆ ಎಲ್ಲ ಹೇಳಿ, ಕೊನೆಗೆ, “ಮೊದಲನೇ ದಿನಾನೇ ಪ್ರೊಫೆಸರ ಮನೆಗೆ ಹೋಗ್ತೀನಿ ಮಾಮ. ಸೇಬಿನ ಮರದ ಫೋಟೋ ತೆಗೆದು ಬೀದಿಗೆಲ್ಲ ತೋರಿಸೋಣ, ಇವರ ಬಾಯಿ ಮುಚ್ಚಿಸೋಣ” ಎಂದಳು.

ಕೈಯಿಂದ ಸ್ಕ್ರೂ ಬಿತ್ತು ಎಂದ. ಅದನ್ನು ಹುಡುಕಲು ಮೇಜಿನ ಕೆಳಗೆ ಹೋದವನು ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಸ್ಕ್ರೂ ಅವನ ಬೆರಳ ಸಂದಿಯಲ್ಲೇ ಇತ್ತು, ಮೊದಲಿನಿಂದಲೂ ಅಲ್ಲೇ ಇತ್ತು. ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಹಾಕಿಕೊಂಡಿದ್ದ ದೂರದ ಕನ್ನಡಕವೂ ಅವನೇ ಮಾಡಿಕೊಟ್ಟದ್ದು.

ಅವನ ಅಕ್ಕನಿಗೆ ಮಗಳನ್ನು ಕಳಿಸುವ ಮನಸ್ಸಿರಲಿಲ್ಲ. ಒಬ್ಬಳೇ ಮಗಳು. ಒಪ್ಪಿಗೆ ತಿಳಿಸಲು ವಾರವಷ್ಟೇ ಉಳಿದಿತ್ತು. ಅವಳು ತಮ್ಮನ ಎದುರು ನಿಂತು, “ಅಲ್ಲಿ ಅಲ್ಲಿ ಅಂತ ಅವಳ ತಲೆ ಕೆಡಿಸಿದೋನು ನೀನು. ಈಗ ನೀನೇ ಸರಿ ಮಾಡು” ಎಂದಳು. ಅವನು ಒಪ್ಪಿದ. ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಆಶ್ಚರ್ಯವಾಯಿತು, ನನಗೆ ಆಗಲಿಲ್ಲ.

ಮಾರನೆಯ ದಿನದಿಂದ ಬೀದಿ ಕೇಳರಿಯದ್ದನ್ನು ಕೇಳಿತು. ಅಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತದೆ. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತದೆ. ಒರೆಸಿದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ. ಕೋಟು ಹಾಕಿಕೊಂಡೇ ಮಲಗಬೇಕು. ಅಡುಗೆಗೆ ನಿಂತು, ನಿಂತೇ ತಿಂದು, ಒಂದು ತಟ್ಟೆ ತೊಳೆದಿಟ್ಟರೆ ಆ ದಿನ ಮುಗಿಯಿತು. ಭಾನುವಾರ ಬಸ್ಸಿನವನು ಹೇಳಿದ ಒಂದು ಥ್ಯಾಂಕ್ಸ್ ಬಿಟ್ಟರೆ ಮನುಷ್ಯರ ದನಿ ಕಿವಿಗೆ ಬೀಳುವುದಿಲ್ಲ. ಕ್ಲಾಸಿನಲ್ಲಿ ನಿನ್ನ ಮಾತು ಕೇಳಿ ಯಾರೂ ನಗುವುದಿಲ್ಲ, ಅದೇ ಕಷ್ಟ. ಇನ್ನೊಮ್ಮೆ ಹೇಳಿ ಎಂದು ವಿನಯವಾಗಿ ಕೇಳುತ್ತಾರೆ, ಮತ್ತೂ ಒಮ್ಮೆ ಕೇಳುತ್ತಾರೆ, ನಾಲ್ಕನೆಯ ಸಲಕ್ಕೆ ನೀನೇ ಬಾಯಿ ಮುಚ್ಚಿಕೊಳ್ಳುತ್ತೀಯ.

ಇವೆಲ್ಲ ಹೂದೋಟಕ್ಕಿಂತ ನಿಜವೆನಿಸುವ ಮಾತುಗಳು ಎಂಬುದನ್ನು ಗಮನಿಸಿದೆ. ಆದರೆ ಅವುಗಳನ್ನು ಹೇಳಿಸುತ್ತಿದ್ದದ್ದು ಸತ್ಯವಲ್ಲ, ಹೆದರಿಕೆ. ಹುಡುಗಿ ಅಲ್ಲಿಗೆ ಹೋದರೆ ಪ್ರೊಫೆಸರ ಮನೆ ಕುಸಿಯುತ್ತದೆ. ಅವನ ಮಾತನ್ನು ನಗದೆ ಕೇಳಿದ್ದ ಒಂದೇ ಒಂದು ಜೀವ ಅವನನ್ನು ಸುಳ್ಳುಗಾರ ಎಂದು ತಿಳಿಯುತ್ತದೆ. ಅದನ್ನು ತಪ್ಪಿಸಲು ಅವಳ ಓದನ್ನೇ ತಪ್ಪಿಸಲು ಹೊರಟಿದ್ದ. ಕೃತಘ್ನ ಎಂಬುದರ ಪಕ್ಕಕ್ಕೆ ಹೇಡಿ ಎಂಬ ಮಾತನ್ನೂ ನಾನು ಮನಸ್ಸಿನಲ್ಲೇ ಸೇರಿಸಿಕೊಂಡೆ.

ಹುಡುಗಿ ಸೊರಗಿದಳು. ಗಡುವಿಗೆ ಎರಡು ದಿನ ಇರುವಾಗ ನನ್ನ ಮನೆಗೆ ಬಂದಳು. ಪುಸ್ತಕದ ಕಪಾಟಿಗೆ ಒರಗಿ ನಿಂತು ಕೇಳಿದಳು: “ದೊಡ್ಡಜ್ಜಿ, ಮಾಮ ಇಷ್ಟು ವರ್ಷ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?”

ನನಗೆ ಗೊತ್ತಿದ್ದದ್ದನ್ನು ಹೇಳಬಹುದಿತ್ತು. ಆದರೆ ಒಬ್ಬರ ಸುಳ್ಳನ್ನು ಇನ್ನೊಬ್ಬರು ಬಿಡಿಸಿ ಹೇಳುವುದು ನನಗೆ ಒಪ್ಪಿಗೆಯಾಗದ ಕೆಲಸ. “ಅವನನ್ನೇ ಕೇಳು. ನನಗೂ ಕಣ್ಣು ತೋರಿಸೋದಿದೆ, ನಡಿ” ಎಂದೆ.

ಅಂಗಡಿಯಲ್ಲಿ ಅವನ ಅಕ್ಕ ಆಗಲೇ ಬಂದು ಮುಂದಿನ ಸ್ಟೂಲಿನ ಮೇಲೆ ಕಾವಲು ಕೂತಿದ್ದಳು. ನಾನು ಪರದೆಯ ಹಿಂದೆ ಹೋಗಿ ಕುರ್ಚಿಯಲ್ಲಿ ಕುಳಿತೆ. ಅವನು ದುಂಡನೆಯ ಭಾರದ ಪರೀಕ್ಷೆಯ ಫ್ರೇಮನ್ನು ನನ್ನ ಮೂಗಿನ ಮೇಲೆ ಕೂರಿಸಿದ. ಅದರಲ್ಲಿ ಒಂದೊಂದೇ ಗಾಜು ಇಟ್ಟು ತೆಗೆದು ನೋಡುವುದು ಅವನ ಕ್ರಮ. ಬೇರೆಯವರಂತೆ “ಕಾಣುತ್ತಾ, ಮಂಜಾ?” ಎಂದೆಲ್ಲ ಕೇಳುವುದಿಲ್ಲ. ಒಂದು ಗಾಜು ಹಿಡಿದು “ಇದಾ?” ಎನ್ನುತ್ತಾನೆ, ಬದಲಿಸಿ “ಅದಾ?” ಎನ್ನುತ್ತಾನೆ. ಎರಡು ಗಾಜಿನಲ್ಲೂ ಒಂದೇ ಥರ ಕಾಣುತ್ತದೆ ಎನ್ನುವ ತನಕ ಬಿಡುವುದಿಲ್ಲ. ಹಾಗೆಂದ ಕೂಡಲೇ “ಅಲ್ಲಿಗೆ ಸರಿ” ಎಂದು ನಿಲ್ಲಿಸುತ್ತಾನೆ. ವಯಸ್ಸಾದ ಗಿರಾಕಿಗಳು ಬೆವರುತ್ತಾರೆ. ಯಾವುದು ಹೇಳಿದರೆ ಪಾಸು ಸ್ವಾಮಿ ಎಂದು ಕೇಳಿದವರಿದ್ದಾರೆ. ಉತ್ತರದ ಸುಳಿವೂ ಅವನ ಮುಖದಲ್ಲಿ ಸಿಗುವುದಿಲ್ಲ.

“ಇದಾ, ಅದಾ?”

“ಇದು” ಎಂದೆ.

ಹುಡುಗಿ ಪರದೆ ಸರಿಸಿ ಒಳಗೆ ಬಂದಳು. ಅವನು ಬೇರೆ ಗಾಜು ತೆಗೆದುಕೊಳ್ಳಲು ಪೆಟ್ಟಿಗೆಗೆ ಕೈ ಹಾಕಿದ್ದ.

“ಮಾಮ” ಎಂದಳು. “ಅಲ್ಲಿಯಾ, ಇಲ್ಲಿಯಾ?”

ಅವನದೇ ಧಾಟಿಯಲ್ಲಿ ಕೇಳಿದಳು. ತಮಾಷೆಗಲ್ಲ. ಅವನ ಕೈ ಪೆಟ್ಟಿಗೆಯಲ್ಲೇ ಉಳಿಯಿತು. ಹೊರಗೆ ಸ್ಟೂಲು ಕಿರ್ರೆಂದಿತು; ಅಕ್ಕ ಇತ್ತ ತಿರುಗಿದ್ದಳು.

“ನನ್ನ ಕೇಳ್ಬೇಡ” ಎಂದ ಕೊನೆಗೆ. “ಕೂತೋರು ಹೇಳ್ಬೇಕು. ಕೇಳೋನು ಹೇಳ್ಬಾರ್ದು.”

“ವಾರವೆಲ್ಲ ಹೇಳಿದೆಯಲ್ಲ.”

“ತಪ್ಪು ಅದು. ಹೇಳಿಕೊಟ್ಟು ಉತ್ತರ ಬರೆಸಿದ ಹಾಗೆ.” ಗಾಜನ್ನು ಬಟ್ಟೆಯಲ್ಲಿ ಒರೆಸಿದ, ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. “ಅದಕ್ಕೆ ಮುಂಚೆ ಹೇಳಿದ್ದೂ ಅಷ್ಟೇ ಅನ್ನು. ನೀನು ಹೋಗು. ಹೋಗಿ ನೋಡಿ, ನೀನೇ ನನಗೆ ಹೇಳು.”

“ಸರಿ ಹೋಯ್ತು” ಎಂದಳು ಹೊರಗಿನಿಂದ ಅಕ್ಕ. “ಬಾಗಿಲು ಹಾಕು ಅಂದ್ರೆ ಬಾಗಿಲೇ ಕಿತ್ತುಕೊಟ್ಟ.” ಆದರೆ ಅವಳಿಗೂ ಮಗಳ ಮುಖ ಕಂಡಿತ್ತು, ಆಮೇಲೆ ಬೇಡ ಎನ್ನಲಿಲ್ಲ.

ಹುಡುಗಿ ಕೇಳಿದಳು, “ಪ್ರೊಫೆಸರ ಮನೆ ಯಾವ ರಸ್ತೇಲಿದೆ ಮಾಮ?”

“ಮರೆತಿದೆ” ಎಂದ.

ಅವಳು ಹೊರಗೆ ಹೋದ ಮೇಲೆ ನಾನು ಮೆಲ್ಲಗೆ, “ಮನೆ ಮರೆತೆಯೋ, ಕಾರಂಜಿಯೂ ಮರೆತೆಯೋ?” ಎಂದು ಕೇಳಿದೆ. ಅವನು ನನ್ನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಎದುರಿಗೆ ತಿರುಗಿಸಿ, “ಕತ್ತು ನೇರ ಇಟ್ಕೊಳಿ ದೊಡ್ಡಮ್ಮ” ಎಂದ. ಹೋಗು ಎಂದದ್ದು ಒಳ್ಳೆಯದೇ. ಆದರೆ ಸುಳ್ಳನ್ನು ಉಳಿಸಿಕೊಂಡೇ ಹೋಗು ಎಂದಿದ್ದ. ಅಲ್ಲಿ ಹೋಗಿ ರಸ್ತೆ ರಸ್ತೆ ಸುತ್ತಿ ಸೇಬಿನ ಮರ ಹುಡುಕುವ ಪಾಡು ಆ ಹುಡುಗಿಯದು. ನನ್ನ ತೀರ್ಮಾನ ಬದಲಿಸುವಂಥದ್ದು ಏನೂ ಕಾಣಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಅವಳು ಬೀದಿಯವರಿಗೆ ಹೇಳಿ ಹೋಗಲು ಬಂದಳು. ತಾಯಿಯೂ ನಾನೂ ಜೊತೆಗಿದ್ದೆವು. ಟೈಲರ್ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದು ನಿಂತ; ಔಷಧಿ ಅಂಗಡಿಯವನು ಹೇಗೂ ಪೇಪರ್ ಓದುತ್ತಲೇ ಇದ್ದ. ಅಲ್ಲಿಮಾಮ ಮಾತ್ರ ಹೊರಗೆ ಬರಲಿಲ್ಲ. ಹಿಂದೆ ಸಾಣೆ ಯಂತ್ರದ ಸದ್ದು ಕೇಳುತ್ತಿತ್ತು. ಹೊರಡುವ ಹೊತ್ತಿಗೆ ಎದುರಿಗೆ ನಿಲ್ಲುವ ಧೈರ್ಯವೂ ಇಲ್ಲ ಎಂದುಕೊಂಡೆ. ಅಕ್ಕ ಟೈಲರಿಗೆ ಹೇಳುತ್ತಿದ್ದಳು, ಊರು ಹೊಸದಾದರೂ ಭಯವಿಲ್ಲ, ತಮ್ಮ ಇದ್ದ ಪ್ರೊಫೆಸರ ಮನೆಯವರು ಇದ್ದಾರಲ್ಲ, ವಿಚಾರಿಸಿಕೊಳ್ಳುತ್ತಾರೆ ಎಂದು.

ಯಂತ್ರ ನಿಂತಿತು. ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸುತ್ತ ಬಂದ. ಕನ್ನಡಕದ ಗಾಜನ್ನು ಅಂಗಿಗೆ ಒರೆಸಿದವರನ್ನು ಬೈಯುವವನು, ಕೈಯಲ್ಲಿದ್ದ ಕನ್ನಡಕವನ್ನೂ ಅದೇ ಅಂಗಿಗೆ ಒರೆಸಿದ. ಒಂದಲ್ಲ, ಎರಡು ಕನ್ನಡಕ. ಒಂದೇ ಥರದ ಫ್ರೇಮು, ಹೆಂಗಸರದ್ದು, ಹತ್ತಿರದ್ದನ್ನು ನೋಡುವ ದಪ್ಪ ಗಾಜು. ಒಂದರ ಕಡ್ಡಿಗೆ ಕೆಂಪು ದಾರ ಸುತ್ತಿತ್ತು. ಟೈಲರ್ ದಾರದ ಗುರುತು ಹಿಡಿದು, “ಬೆಳಗ್ಗೆ ಇದಕ್ಕೇನಾ ಇಸ್ಕೊಂಡು ಹೋಗಿದ್ದು?” ಎಂದ.

ಅವನು ಹುಡುಗಿಯನ್ನಷ್ಟೇ ನೋಡಿ ಹೇಳಿದ: “ಸ್ಟೇಷನ್ನಲ್ಲಿ ಇಳಿದು ಎಡಕ್ಕೆ ಹೋಗು. ಮೂಲೇಲಿ ಒಂದು ಲಾಂಡ್ರಿ ಇದೆ. ಮುಂದಿನ ಬಾಗಿಲು ತಟ್ಟಿದ್ರೆ ಯಂತ್ರದ ಸದ್ದಿಗೆ ಕೇಳಿಸಲ್ಲ, ಹಿಂದಿನ ಮೆಟ್ಟಿಲ ಹತ್ರ ಹೋಗು. ಅಲ್ಲಿ ಒಬ್ರು ಹೆಂಗಸು ಇದಾರೆ, ಲಾಂಡ್ರಿ ಅವ್ರದ್ದೇ. ಮೇಲಿನ ಕೋಣೇಲಿ ನಾನಿದ್ದೆ.”

“ಪ್ರೊಫೆಸರ ಮನೆಗೆ ಹೋಗೋಕೆ ಮುಂಚೆನಾ?” ಎಂದಳು ಅಕ್ಕ.

“ಪ್ರೊಫೆಸರ ಮನೆ ಬಾಗಿಲನ್ನೂ ನಾನು ನೋಡಿಲ್ಲ ಅಕ್ಕ.”

ಔಷಧಿ ಅಂಗಡಿಯವನು ಪೇಪರನ್ನು ಮಡಚಿ ಮಂಡಿಯ ಮೇಲಿಟ್ಟುಕೊಂಡ.

ಉಳಿದದ್ದನ್ನು ಅವನು ತುಂಡು ತುಂಡಾಗಿ ಹೇಳಿದ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವನು ಫೇಲಾಗಿದ್ದ. ಗಾಜು ಬದಲಿಸಲು ಬರುತ್ತಿತ್ತು, ಎದುರಿನವರನ್ನು ಅವರ ಭಾಷೆಯಲ್ಲಿ ಕೇಳಲು ಹೋದರೆ ನಾಲಿಗೆ ಏಳುತ್ತಿರಲಿಲ್ಲ. ಲಾಂಡ್ರಿಯಾಕೆಗೆ ಬಟ್ಟೆಗೆ ಚುಚ್ಚಿದ ಚೀಟಿಯ ನಂಬರು ಕಾಣುತ್ತಿರಲಿಲ್ಲ. ಇವರ ಅಂಗಿ ಅವರಿಗೆ, ಅವರ ಅಂಗಿ ಇವರಿಗೆ ಕೊಟ್ಟು ಬೈಸಿಕೊಳ್ಳುತ್ತಿದ್ದಳು. ದಿನವೂ ಸಂಜೆ ಅಂಗಡಿ ಮುಚ್ಚಿ, ಇಸ್ತ್ರಿ ಮೇಜಿನ ಪಕ್ಕ ಕೂತು, ತನ್ನ ಕಣ್ಣನ್ನು ಇವನ ಅಭ್ಯಾಸಕ್ಕೆ ಬಿಟ್ಟುಕೊಟ್ಟಳು. ಇವನು ಗಾಬರಿಯಲ್ಲಿ ಅವಳ ಭಾಷೆ ಮರೆತು ನಮ್ಮ ಭಾಷೆಯಲ್ಲೇ “ಇದಾ, ಅದಾ?” ಎಂದು ಕೇಳಿಬಿಡುತ್ತಿದ್ದ. ಅವಳು ತಿದ್ದಲಿಲ್ಲ. ಇವನ ಎರಡು ಮಾತನ್ನು ತಾನೇ ಕಲಿತಳು. ಆಮೇಲೆ ಬೆಳಗ್ಗೆ ಮೆಟ್ಟಿಲಲ್ಲಿ ಎದುರಾದರೆ ನಮಸ್ಕಾರದ ಬದಲು “ಇದಾ, ಅದಾ?” ಎನ್ನುತ್ತಿದ್ದಳಂತೆ.

“ಪಾಸಾದ್ರೆ ಮೊದಲ್ನೇ ಕನ್ನಡಕ ನಿಮಗೇ ಅಂದಿದ್ದೆ” ಎಂದ. “ಪಾಸಾದೆ. ಹೊರಟು ಬಂದೆ.”

ಅಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು. ಹುಡುಗಿ ಕನ್ನಡಕಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಏನಿತ್ತು ಎಂದು ನಾನು ಬರೆಯುವುದಿಲ್ಲ. ನನ್ನ ಹೊಸ ಕನ್ನಡಕ ಇನ್ನೂ ತಯಾರಾಗಿರಲಿಲ್ಲ. ಅವಳು ಕೇಳಿದ್ದು ಕೆಲಸದ ಪ್ರಶ್ನೆ. “ಕಣ್ಣು ನೋಡದೆ ಕನ್ನಡಕ ಕೊಡ್ಬಾರ್ದು ಅಂತೀಯಲ್ಲ ಮಾಮ.”

“ಅದಕ್ಕೇ ಎರಡು. ವಯಸ್ಸಾಗಿರುತ್ತೆ, ಇಷ್ಟು ಬೇಕಾಗಬಹುದು ಅಂತ ಒಂದು. ಇನ್ನೂ ಸ್ವಲ್ಪ ಬೇಕಾದ್ರೆ ದಾರ ಸುತ್ತಿರೋದು. ಕೈಗೆ ಬಟ್ಟೆ ಚೀಟಿ ಕೊಟ್ಟು, ನೀನೇ ಕೇಳ್ಬೇಕು.”

“ನನಗೆ ಕೇಳೋಕೆ ಬರಲ್ಲ.”

“ಎರಡೇ ಮಾತು.”

“ಅವರು... ಲಾಂಡ್ರಿ ಇಲ್ದೇ ಹೋದ್ರೆ?”

“ಅಲ್ಲಿ ಯಾವುದೂ ಅಷ್ಟು ಬೇಗ ಬದಲಾಗಲ್ಲ” ಎಂದ. ಟೈಲರ್ ನಗು ತಡೆಯಲಾಗದೆ ಅಳತೆ ಪಟ್ಟಿಯಿಂದ ಬಾಯಿ ಒರೆಸಿಕೊಂಡ.

ಆಮೇಲೆ ಅವನು ಪರದೆಯನ್ನು ಪೂರ್ತಿ ಪಕ್ಕಕ್ಕೆ ಎಳೆದ. ಅಕ್ಷರದ ಪೆಟ್ಟಿಗೆಯ ದೀಪ ಹಾಕಲಿಲ್ಲ; ಟೈಲರ್ ತನ್ನ ಅಂಗಿಗೆ ಚುಚ್ಚಿಕೊಂಡಿದ್ದ ಒಂದು ಅಳತೆ ಚೀಟಿ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಎಲ್ಲರನ್ನೂ ಕೂರಿಸಿ ತಾನು ಮಾತ್ರ ಎಂದೂ ಕೂತಿರದ ಆ ಗಿರಾಕಿಯ ಕುರ್ಚಿಯಲ್ಲಿ ಕುಳಿತು, ತನ್ನ ಕನ್ನಡಕ ತೆಗೆದು ತೊಡೆಯ ಮೇಲಿಟ್ಟು, ಮುಖವನ್ನು ಹುಡುಗಿಯ ಕಡೆಗೆ ಎತ್ತಿದ.

“ಎಲ್ಲಿ, ಕೇಳು ನೋಡೋಣ.”

ಅವಳು ಮೊದಲನೆಯದನ್ನು ಅವನ ಮೂಗಿನ ಮೇಲಿಟ್ಟಳು. “ಇದಾ?” ಎಂದಳು. ಅದನ್ನು ತೆಗೆದು ಕೆಂಪು ದಾರದ್ದನ್ನು ಇಟ್ಟು, ಅವನು ಕೇಳುವಷ್ಟೇ ನಿಧಾನವಾಗಿ, “ಅದಾ?” ಎಂದಳು.

ಅವನು ಆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡೇ ಕುಳಿತ. ಉತ್ತರ ಹೇಳಲು ಬಹಳ ಹೊತ್ತು ತೆಗೆದುಕೊಂಡ.